ಹುಣಿಸೆ ಬೀಜದ ಪಣದಲ್ಲಿ ಪೋಕರ್ ಪಾಠ

ಯುಗಾದಿಯ ನೆವದಲ್ಲಿ ಜಗಲಿಯ ಮೇಲೆ ಇಸ್ಪೀಟೆಲೆ ಹರಡಿ ಕೂರುವುದು ನಮ್ಮ ಚಿತ್ರದುರ್ಗದ ಸೀಮೆಗೆ ಹೊಸತಲ್ಲ. ಆದರೆ ಹಿರಿಯೂರಿನ ಬಸ್ ನಿಲ್ದಾಣದಲ್ಲಿಯೋ ಹೊಳಲ್ಕೆರೆಯ ಅಡಕೆ ತೋಟದಲ್ಲಿಯೋ ಕುಳಿತ ತರುಣನು, ಹತ್ತು ರೂಪಾಯಿಯ ಪಣ ತಾನೆ ಎಂಬ ಔದಾಸೀನ್ಯದಿಂದ ಮೊಬೈಲಿನಲ್ಲಿ ಪೋಕರ್ ಆಡತೊಡಗುವ ಮುನ್ನ ಅರಿಯತಕ್ಕುದು ಎಲೆಗಳನ್ನಲ್ಲ, ಕಾನೂನನ್ನು. ಇಂಥ ಆಟಗಳ ಮೇಲೆ ಕರ್ನಾಟಕವು 2021ರಲ್ಲಿ ತಂದ ನಿಷೇಧವನ್ನು 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯವು ರದ್ದುಗೊಳಿಸಿದ್ದು ನಿಜ. ಆದರೆ 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಅಧಿನಿಯಮವು, ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ಹಣವಿಟ್ಟಾಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿದೆ.

ಆದುದರಿಂದ ಮನೆಯಲ್ಲಿಯೇ ಹುಣಿಸೆ ಬೀಜಗಳನ್ನಿಟ್ಟು ಕಲಿಯಿರಿ. ನಿಮ್ಮ ಕೈಯಲ್ಲಿ ಎರಡು ಕಳಾವರ್, ನೆಲದ ಮೇಲೆ ತೆರೆದ ನಾಲ್ಕರಲ್ಲಿ ಇನ್ನೆರಡು; ಐದನೆಯದಕ್ಕಾಗಿ ಕೊನೆಯ ಎಲೆಯೊಂದನ್ನು ಕಾದಿದ್ದೀರಿ. ಕಾಣದ 46 ಎಲೆಗಳಲ್ಲಿ ಒದಗಿಬರುವುವು ಒಂಬತ್ತೇ, ಎಂದರೆ ಐದರಲ್ಲಿ ಒಮ್ಮೆಯೂ ಪೂರಾ ಇಲ್ಲ. ರಾಶಿಯಲ್ಲಿ 60 ಬೀಜಗಳಿದ್ದು ಮುಂದುವರಿಯಲು ನೀವು 20 ತೆರಬೇಕಾದಲ್ಲಿ, ನಾಲ್ಕರಲ್ಲಿ ಒಮ್ಮೆ ಗೆದ್ದರಷ್ಟೇ ಲೆಕ್ಕ ಸರಿಹೋಗುವುದು; ಎಲೆ ಕೆಳಗಿಡುವುದೇ ವಿವೇಕ. ಹೊಸಬರು ಇಡುವುದಿಲ್ಲ, ಅದು ಬೇರೆ ಮಾತು!

ಹುಸಿಬೆದರಿಕೆಯ ಚಾತುರ್ಯವೂ ಸಣ್ಣ ಪಣದಲ್ಲಿ ವ್ಯರ್ಥ. ಕಳೆಯಲು ಏನೂ ಇಲ್ಲದ ಎದುರಾಳಿಯು ಕೊನೆಯ ಎಲೆಯನ್ನು ನೋಡದೆ ಏಳುವವನಲ್ಲ. ಇನ್ನು ಹಣದ ಮೇಜಿನಲ್ಲಾದರೋ, ಗೆದ್ದ ರಾಶಿಯಿಂದ ಆಡಿಸುವವನು ತನ್ನ ಪಾಲನ್ನು ಮುರಿದುಕೊಳ್ಳುವುದರಿಂದ, ಸಮಬಲರಾದ ಆಟಗಾರರೆಲ್ಲರೂ ಕಾಲಕ್ರಮದಲ್ಲಿ ಸೋಲುವರು.

ಹೊಸದುರ್ಗದಲ್ಲಿರಲಿ, ಎಲ್ಲಿಯೇ ಇರಲಿ, ಇಂಥ ಆ್ಯಪ್‌ಗಳ ಹೆಸರಿನಲ್ಲಿ ವಂಚನೆಗೊಳಗಾದವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿಯಾದ 1930ಕ್ಕೆ ಕರೆ ಮಾಡಿರಿ.