ಪುಟ್ಟ ಪ್ರತಿಕೃತಿಗಳ ಮೇಲೆ ಕಾಲದ ಗುರುತು

ಹೊಸದಾಗಿ ತಂದ ಹಿತ್ತಾಳೆಯ ಕೊಡವನ್ನೂ ಹತ್ತು ವರ್ಷ ನೀರು ಹೊತ್ತ ಕೊಡವನ್ನೂ ಅಕ್ಕಪಕ್ಕದಲ್ಲಿರಿಸಿ ನೋಡಿದರೆ ಯಾವುದು ಯಾವುದೆಂದು ಹೇಳಲು ಯಾರಿಗೂ ಕಷ್ಟವಾಗದು. ಹಳೆಯ ಕೊಡದ ಕಂಠದ ಬೆಸುಗೆಯಲ್ಲಿ ಕಿಲುಬು ಕುಳಿತಿರುತ್ತದೆ. ಸೊಂಟಕ್ಕೆ ತಾಗುವ ಬದಿ ನುಣುಪಾಗಿ ಹೊಳೆಯುತ್ತದೆ. ಕಟ್ಟೆಗೆ ಬಡಿದೆಡೆ ನೆಗ್ಗಿರುತ್ತದೆ. ಬಳಕೆಯು ತನ್ನ ಗುರುತನ್ನು ಎಲ್ಲೆಂದರಲ್ಲಿ ಹಾಕದು, ತಾಗಿದ ಕಡೆಯಲ್ಲಿ ಮಾತ್ರ ಹಾಕುವುದು. ವಿಮಾನ, ಹಡಗು, ರೈಲು ಎಂಜಿನ್, ಯುದ್ಧ ಟ್ಯಾಂಕ್ ಮೊದಲಾದವುಗಳ ಪ್ರಮಾಣಬದ್ಧ ಪ್ರತಿಕೃತಿಗಳನ್ನು ರಚಿಸುವ ಹವ್ಯಾಸಿಗಳು ಇಂಥ ಗುರುತನ್ನು ಬಣ್ಣದಿಂದ ಮೂಡಿಸುವ ಕೆಲಸಕ್ಕೆ ‘ವೆದರಿಂಗ್’ ಎಂದು ಹೆಸರಿಟ್ಟಿದ್ದಾರೆ. ಕನ್ನಡದಲ್ಲಿ ಹಳತಾಗಿಸುವಿಕೆ ಎನ್ನಬಹುದು. ಮಳೆ, ಬಿಸಿಲು, ಧೂಳುಗಳು ನಿಧಾನವಾಗಿ ಮಾಡುವುದನ್ನು ಮೇಜಿನ ಮೇಲೆ ಮಾಡಿ ತೋರಿಸುವ ಈ ಕೆಲಸಕ್ಕೆ ಚಿತ್ರಕಾರರ ತೈಲವರ್ಣದಷ್ಟು ಒದಗಿಬರುವ ಸಾಧನ ಮತ್ತೊಂದಿಲ್ಲ.

ಪ್ರತಿಕೃತಿಗೆ ಇದು ಏಕೆ ಬೇಕು? ಇಂಗ್ಲೆಂಡಿನ ಬೋವಿಂಗ್ಟನ್ ಟ್ಯಾಂಕ್ ಸಂಗ್ರಹಾಲಯದಲ್ಲಿರುವ ‘ಟೈಗರ್ 131’ ಎಂಬ ಜರ್ಮನ್ ಟ್ಯಾಂಕನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಟೈಗರ್ ಟ್ಯಾಂಕಿನ ಉದ್ದ, ಮುಂದಕ್ಕೆ ಚಾಚಿದ ಫಿರಂಗಿಯೂ ಸೇರಿ, ಸುಮಾರು 8.45 ಮೀಟರು. ಮೂವತ್ತೈದರಲ್ಲಿ ಒಂದು ಪಾಲಿನ ಪ್ರಮಾಣದಲ್ಲಿ ಅದು 24 ಸೆಂಟಿಮೀಟರಿಗೆ ಇಳಿಯುವುದು. ಉಕ್ಕಿನ ತಟ್ಟೆಗಳ ನಡುವಣ ಸಂದಿ ಕೂದಲೆಳೆಯಷ್ಟಾಗುವುದು. ಆಕಾರವು ಕುಗ್ಗಿತು, ಆದರೆ ಅದರ ಮೇಲೆ ಬೀಳುವ ಬೆಳಕು ಕುಗ್ಗಲಿಲ್ಲ. ನಿಜವಾದ ಟ್ಯಾಂಕಿನ ಸಂದಿಗಳಲ್ಲಿ ತುಂಬಿರುವ ನೆರಳು ಪುಟ್ಟ ಪ್ರತಿಕೃತಿಯಲ್ಲಿ ತಾನಾಗಿ ಮೂಡದು. ಒಂದೇ ಬಣ್ಣ ಬಳಿದ ಪ್ಲಾಸ್ಟಿಕ್ ಎಷ್ಟು ನಿಖರವಾಗಿದ್ದರೂ ಆಟಿಕೆಯಂತೆಯೇ ತೋರುವುದು. ಆ ನೆರಳನ್ನು ಕುಂಚದಿಂದಲೇ ಇಡಬೇಕು.

ತೈಲವರ್ಣವೆಂದರೆ ನುಣ್ಣಗೆ ಅರೆದ ವರ್ಣದ ಪುಡಿಯನ್ನು ಒಣಗುವ ಗುಣವುಳ್ಳ ಎಣ್ಣೆಯಲ್ಲಿ ಕಲಸಿದ್ದು. ಸಾಮಾನ್ಯವಾಗಿ ಬಳಸುವುದು ಅಗಸೆ ಎಣ್ಣೆ. ಉತ್ತರ ಕರ್ನಾಟಕದ ಊಟದಲ್ಲಿ ರೊಟ್ಟಿಯ ಪಕ್ಕ ಹಿಂಡಿಯಾಗಿ ಬರುವ ಅಗಸಿಯೇ ಇದು. 1841ರಲ್ಲಿ ಅಮೆರಿಕದ ಚಿತ್ರಕಾರ ಜಾನ್ ಗಾಫ್ ರ್‍ಯಾಂಡ್ ಹಿಸುಕಬಹುದಾದ ತವರದ ಕೊಳವೆಗೆ ಪೇಟೆಂಟ್ ಪಡೆದ ಮೇಲೆ ಈ ಬಣ್ಣ ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ವಸ್ತುವಾಯಿತು. ನೀರುಬಣ್ಣವು ನೀರು ಆರಿಹೋಗಿ ಒಣಗುವುದು. ತೈಲವರ್ಣದ ಎಣ್ಣೆ ಆರಿಹೋಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ, ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುವುದು. ಇದಕ್ಕೆ ಹಲವು ದಿನಗಳೇ ಹಿಡಿಯುವುವು. ಅವಸರದವರಿಗೆ ಇದೊಂದು ದೋಷ. ಆದರೆ ಪ್ರತಿಕೃತಿಗಾರನಿಗೆ ಬೇಕಾದುದು ಈ ನಿಧಾನವೇ. ಇಂದು ಸಂಜೆ ಇಟ್ಟ ಕಲೆ ಹೆಚ್ಚಾಯಿತೆಂದು ಅನಿಸಿದರೆ, ವೈಟ್ ಸ್ಪಿರಿಟಿನಲ್ಲಿ ಅದ್ದಿ ಒರೆಸಿದ ಕುಂಚದಿಂದ ಅದನ್ನು ತೆಳುವಾಗಿಸಬಹುದು, ಎಳೆಯಬಹುದು, ಪೂರ್ತಿ ಅಳಿಸಿಯೂ ಬಿಡಬಹುದು. ಬೇಗ ಒಣಗುವ ಅಕ್ರಿಲಿಕ್ ಬಣ್ಣ ಇಂಥ ಔದಾರ್ಯವನ್ನು ತೋರದು.

ಅಳಿಸುವಾಗ ಕೆಳಗಿನ ಬಣ್ಣವೂ ಅಳಿಯಬಾರದಷ್ಟೆ. ಆದುದರಿಂದ ತಳದ ಬಣ್ಣ ವೈಟ್ ಸ್ಪಿರಿಟಿಗೆ ಕರಗದ ಅಕ್ರಿಲಿಕ್ ಅಥವಾ ಲ್ಯಾಕರ್ ಆಗಿದ್ದರೆ ಕ್ಷೇಮ. ಎನಾಮೆಲ್ ಬಳಿದು, ಮೇಲೊಂದು ರಕ್ಷಣೆಯ ಲೇಪವಿಲ್ಲದೆ ಸ್ಪಿರಿಟ್ ಹಚ್ಚಿದವರು ಹಲವು ವಾರಗಳ ಶ್ರಮ ಒಂದು ನಿಮಿಷದಲ್ಲಿ ಕೆಸರಾಗುವುದನ್ನು ಕಾಣಬೇಕಾಗುತ್ತದೆ. ತಳದ ಬಣ್ಣ ಚೆನ್ನಾಗಿ ಒಣಗಿದ ಮೇಲೆ ಹೊಳಪಿನ ಅಕ್ರಿಲಿಕ್ ವಾರ್ನಿಷಿನ ಒಂದು ಪದರ ಕೊಟ್ಟು, ಮರುದಿನದವರೆಗೆ ಬಿಡುವುದು ವಾಡಿಕೆ. ಟ್ಯೂಬಿನ ಬಣ್ಣವನ್ನು ನೇರವಾಗಿ ಬಳಸದೆ ಮೊದಲು ರಟ್ಟಿನ ತುಂಡಿನ ಮೇಲೆ ಹಿಸುಕಿ ಕೊಂಚ ಹೊತ್ತು ಇಡುವರು. ಹೆಚ್ಚಿನ ಎಣ್ಣೆಯನ್ನು ರಟ್ಟು ಹೀರಿಕೊಳ್ಳುವುದರಿಂದ ಬಣ್ಣವು ಬೇಗ ಒಣಗುವುದಲ್ಲದೆ ಎಣ್ಣೆಯ ಜಿಡ್ಡು ಹೊಳಪನ್ನೂ ಬಿಡುವುದು.

ನೆರಳಿಡುವುದಕ್ಕೆ ಗಾಢ ಕಂದು ಬಣ್ಣವನ್ನು ಸ್ಪಿರಿಟಿನಲ್ಲಿ ಚಹಾದಷ್ಟು ತೆಳುವಾಗಿ ಕರಗಿಸಿ, ಕಿರುಕುಂಚದ ತುದಿಯನ್ನು ಸಂದಿಗೆ ತಾಗಿಸಿದರೆ ಸಾಕು. ದ್ರವವು ತಾನೇ ಸಂದಿಗುಂಟ ಹರಿದುಹೋಗುವುದು. ಇದು ಸುಲಭದ ಭಾಗ. ಬಿಸಿಲಿಗೆ ಬಣ್ಣ ಮಾಸಿದ್ದನ್ನು ತೋರಿಸುವುದು ಇದಕ್ಕಿಂತ ಸ್ವಾರಸ್ಯವಾದದ್ದು. ಬಿಳಿ, ಹಳದಿ ಓಕರ್, ನೀಲಿ, ಕಂದು ಬಣ್ಣಗಳ ಸಾಸಿವೆಕಾಳಿನಷ್ಟು ಚುಕ್ಕೆಗಳನ್ನು ಒಂದು ತಟ್ಟೆಯ ಮೇಲೆ ಚೆದುರಿಸಿ ಇಟ್ಟಾಗ ಪ್ರತಿಕೃತಿಗೆ ದಡಾರ ಎದ್ದಂತೆ ಕಾಣುವುದು. ನೋಡಿದವರು ಕೆಲಸ ಕೆಟ್ಟಿತೆಂದೇ ಭಾವಿಸುವರು. ಬಳಿಕ ಬಹುಪಾಲು ಒಣಗಿದ ಚಪ್ಪಟೆ ಕುಂಚದಿಂದ ಆ ಚುಕ್ಕೆಗಳನ್ನು ಮೇಲಿನಿಂದ ಕೆಳಕ್ಕೆ, ಮಳೆನೀರು ಇಳಿಯುವ ದಾರಿಯಲ್ಲಿಯೇ ಎಳೆಯುತ್ತ ಹೋದಂತೆ ಅವು ಒಂದರಲ್ಲೊಂದು ಬೆರೆತು ಕಾಣದಾಗುವುವು. ಉಳಿಯುವುದು ತಟ್ಟೆಯಿಂದ ತಟ್ಟೆಗೆ, ಅಂಗುಲದಿಂದ ಅಂಗುಲಕ್ಕೆ ಕೊಂಚ ಕೊಂಚ ಬದಲಾಗುವ ಛಾಯೆ. ಅಡ್ಡತಟ್ಟೆಗಳಲ್ಲಿ ಮಾತ್ರ ಎಳೆಯದೆ ಕುಂಚದ ತುದಿಯಿಂದ ತಟ್ಟಿ ಬೆರೆಸುವರು, ಏಕೆಂದರೆ ಅಲ್ಲಿ ನೀರು ಹರಿಯುವುದಿಲ್ಲ, ನಿಲ್ಲುತ್ತದೆ.

ತುಕ್ಕಿನ ವಿಷಯದಲ್ಲಿ ಒಂದು ಸೊಗಸಾದ ಸಂಗತಿಯಿದೆ. ಅದಕ್ಕೆ ಬಳಸುವ ‘ಬರ್ಂಟ್ ಸಿಯೆನ್ನಾ’ ಮೂಲತಃ ಇಟಲಿಯ ಸಿಯೆನಾ ನಗರದ ಹೆಸರು ಹೊತ್ತ, ಸುಟ್ಟು ಕೆಂಪಾಗಿಸಿದ ಮಣ್ಣು. ಅದರ ಬಣ್ಣಕ್ಕೆ ಕಾರಣ ಕಬ್ಬಿಣದ ಆಕ್ಸೈಡ್. ತುಕ್ಕೂ ಅದೇ. ಎಂದರೆ ಇಲ್ಲಿ ತುಕ್ಕನ್ನು ಬರೆಯುವುದು ತುಕ್ಕಿನಿಂದಲೇ.

ಆದರೆ ಅದನ್ನು ಎಷ್ಟು ಬಳಸಬೇಕು ಎಂಬಲ್ಲಿಯೇ ಹೆಚ್ಚಿನವರು ಎಡವುವುದು. ‘ಟೈಗರ್ 131’ ತಯಾರಾದದ್ದು 1943ರ ಫೆಬ್ರುವರಿಯಲ್ಲಿ, ಜರ್ಮನಿಯ ಕಾಸೆಲ್‌ನಲ್ಲಿ. ಅದು ಉತ್ತರ ಆಫ್ರಿಕದ ಟ್ಯುನೀಸಿಯಕ್ಕೆ ಸಾಗಿ, ಅದೇ ಏಪ್ರಿಲ್‌ನಲ್ಲಿ ಬ್ರಿಟಿಷರ ಕೈವಶವಾಯಿತು. ಆಗ ಅದರ ವಯಸ್ಸು ಎರಡು ತಿಂಗಳು ಮಾತ್ರ. ಅದರ ಪ್ರತಿಕೃತಿಗೆ ಅಡಿಯಿಂದ ಮುಡಿಯವರೆಗೆ ತುಕ್ಕು ಬಳಿದವನು ಕುಂಚದಲ್ಲಿ ಎಷ್ಟೇ ನಿಪುಣನಾಗಿದ್ದರೂ ಹೇಳುವುದು ಸುಳ್ಳನ್ನೇ. ಹಿಂಬದಿಯ ಹೊಗೆಕೊಳವೆಗಳು ಬಿಸಿಯಾಗಿ ತಣಿದು ಕೆಲವೇ ದಿನಗಳಲ್ಲಿ ಕೆಂಪಾಗುವುವು. ಅಲ್ಲಿ ಸಿಯೆನ್ನಾ ಇರಲಿ. ಕೆಳಭಾಗಕ್ಕೆ ಓಕರ್ ಮತ್ತು ಬಿಳಿ ಬೆರೆಸಿದ ಧೂಳು, ಪೆಟ್ರೋಲು ತುಂಬುವ ಮುಚ್ಚಳಗಳ ಸುತ್ತ ಗಾಢ ಕಲೆ, ಸಿಬ್ಬಂದಿ ಹತ್ತಿಳಿಯುವ ಅಂಚುಗಳಲ್ಲಿ ಸವೆತ. ಗುಂಡುಗಳು ತಾಗಿದ ಎಡೆಯಲ್ಲಿ ಬಣ್ಣ ಹಾರಿ ಬರಿಯ ಉಕ್ಕು. ಇಷ್ಟರಿಂದಾಚೆ ಹೋಗಬೇಕಾದರೆ ಕಾರಣ ಬೇಕು. ಬಹುಕಾಲ ದುಡಿದ ಉಗಿಬಂಡಿಯ ಕಥೆ ಬೇರೆ. ಅದರ ಹಬೆ ಸೋರುವ ಕವಾಟದ ಕೆಳಗೆ ಸುಣ್ಣದ ಬಿಳಿ ಗೆರೆಯೂ ಕಲ್ಲಿದ್ದಲಿನ ತೊಟ್ಟಿಯ ಸುತ್ತ ಕಪ್ಪು ಪುಡಿಯೂ ನ್ಯಾಯವೇ.

1970ರ ದಶಕದಲ್ಲಿ ಅಮೆರಿಕದ ಶೆಪರ್ಡ್ ಪೇನ್ ಅವರು ಮಾನೋಗ್ರಾಮ್ ಸಂಸ್ಥೆಯ ಟ್ಯಾಂಕ್ ಪ್ರತಿಕೃತಿಗಳ ಪೆಟ್ಟಿಗೆಯಲ್ಲಿ ಇಡಲು ಸಿದ್ಧಪಡಿಸಿದ ಕರಪತ್ರಗಳು ಹವ್ಯಾಸಿಗಳ ಕಣ್ಣು ತೆರೆಸಿದವು. ಈಚಿನವರಲ್ಲಿ ಅದೇ ದೇಶದ ಮೈಕೆಲ್ ರಿನಾಲ್ಡಿ ಅವರು ತೈಲವರ್ಣವನ್ನು ಕೊನೆಯ ಲೇಪವೆಂದಲ್ಲದೆ ಹಳತಾಗಿಸುವಿಕೆಯ ಮುಖ್ಯ ಸಾಧನವೆಂದೇ ಬಳಸಿ ತೋರಿಸಿದ್ದಾರೆ.

ಕೆಲಸ ಮುಗಿದು ಎಣ್ಣೆ ಪೂರ್ತಿ ಒಣಗಿದ ಮೇಲೆಯೇ ಹೊಳಪಿಲ್ಲದ ವಾರ್ನಿಷ್ ಕೊಡಬೇಕು. ಸ್ಪಿರಿಟನ್ನು ಗಾಳಿಯಾಡುವ ಕೋಣೆಯಲ್ಲಿ, ದೀಪದಿಂದ ದೂರ ಬಳಸಬೇಕು. ಪ್ರತಿಕೃತಿಯ ಮೇಲೆ ಅದು ಮಡುಗಟ್ಟಿ ನಿಂತರೆ ಬಿಗುವಿನಲ್ಲಿರುವ ಪ್ಲಾಸ್ಟಿಕ್ ಜೋಡಣೆಗಳು ಸೀಳುವ ಭಯವೂ ಉಂಟು. ಕುಂಚ ಒರೆಸಿದ ಬಟ್ಟೆಯನ್ನು ಉಂಡೆಗಟ್ಟಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆಯು ಒಣಗುವಾಗ ಬಿಸಿಯನ್ನು ಬಿಡುವುದರಿಂದ, ಮುದುಡಿದ ಬಟ್ಟೆಯೊಳಗೆ ಆ ಬಿಸಿ ಕೂಡಿಕೊಂಡು ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಅಂಥ ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿಡಬೇಕು, ಇಲ್ಲವೆ ಹೊರಗೆ ತಂತಿಯ ಮೇಲೆ ಬಿಡಿಸಿ ಹರವಬೇಕು.