ಒತ್ತಕ್ಷರಕ್ಕೆ ಎಷ್ಟು ಚುಕ್ಕೆ ಬೇಕು?

ಆನವಟ್ಟಿಯ ಓದುಗರೊಬ್ಬರು ಕೇಳಿದ್ದಾರೆ: ‘೨೦೧೦ರ ಕಿಂಡಲ್ ಇನ್ನೂ ಚೆನ್ನಾಗಿ ನಡೆಯುತ್ತಿದೆ. ಹೊಸದರ ಪರದೆ ನಿಜಕ್ಕೂ ಅಷ್ಟು ಮೇಲೇ, ಇಲ್ಲ ಬರೀ ಜಾಹೀರಾತೇ?’

ಕನ್ನಡ ಓದುವವರಿಗಂತೂ ವ್ಯತ್ಯಾಸ ನಿಜ. ಹಳೆಯದಾಗಲಿ ಹೊಸದಾಗಲಿ, ಎರಡರ ಪರದೆಯೂ ‘ಇ ಇಂಕ್’. ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ಜೇಕಬ್ಸನ್ ಮತ್ತು ಅವರ ವಿದ್ಯಾರ್ಥಿಗಳಾದ ಬ್ಯಾರೆಟ್ ಕಾಮಿಸ್ಕಿ, ಜೆ.ಡಿ. ಆಲ್ಬರ್ಟ್ ರೂಪಿಸಿದ್ದು, ೧೯೯೭ರಲ್ಲಿ ಕಂಪನಿಯಾಯಿತು. ಕೂದಲೆಳೆ ದಪ್ಪದ ಪುಟ್ಟ ಗುಳಿಗೆಗಳೊಳಗೆ ಕಪ್ಪು–ಬಿಳಿ ಕಣಗಳು ತೇಲುತ್ತಿರುತ್ತವೆ. ಒಂದಕ್ಕೆ ಧನ ವಿದ್ಯುದಂಶ, ಇನ್ನೊಂದಕ್ಕೆ ಋಣ. ವಿದ್ಯುತ್ತು ಯಾವುದನ್ನು ಮೇಲಕ್ಕೆ ತಳ್ಳುತ್ತದೋ ಆ ಬಣ್ಣ ನಮಗೆ ಕಾಣುತ್ತದೆ. ಕರೆಂಟು ನಿಂತರೂ ಕಣಗಳು ಅಲ್ಲೇ ಉಳಿಯುತ್ತವೆ.

ಬದಲಾಗಿರುವುದು ಚುಕ್ಕೆಗಳ ದಟ್ಟಣೆ. ೨೦೦೭ರ ಮೊದಲ ಕಿಂಡಲ್‌ನಲ್ಲೂ ೨೦೧೦ರದರಲ್ಲೂ ಇಂಚಿಗೆ ೧೬೭ ಚುಕ್ಕೆ. ೨೦೧೫ರ ಕಿಂಡಲ್ ಪೇಪರ್‌ವೈಟ್‌ನಲ್ಲಿ ೩೦೦. ಚದರ ಇಂಚಿನ ಲೆಕ್ಕದಲ್ಲಿ ಇದು ಮೂರು ಪಟ್ಟಿಗೂ ಹೆಚ್ಚು. ‘ರಾಷ್ಟ್ರ’ ಎಂಬ ಪದವನ್ನೇ ನೋಡಿ. ‘ಷ’ದ ಕೆಳಗೆ ‘ಟ’ ಮತ್ತು ‘ರ’ ಎರಡೂ ಒತ್ತುಗಳು ಇಕ್ಕಟ್ಟಿನಲ್ಲಿ ಕೂರಬೇಕು. ಒಂದೂವರೆ ಮಿಲಿಮೀಟರ್ ಎತ್ತರದ ಜಾಗದಲ್ಲಿ ಹಳೆಯ ಪರದೆಗೆ ಸಿಗುವುದು ಹತ್ತು ಚುಕ್ಕೆ, ಹೊಸದಕ್ಕೆ ಹದಿನೆಂಟು. ಇಂಗ್ಲಿಷ್ ಅಕ್ಷರ ಹತ್ತರಲ್ಲೂ ಹೇಗೋ ಸುಧಾರಿಸಿಕೊಳ್ಳುತ್ತದೆ. ನಮ್ಮ ಒತ್ತುಗಳು ಕಲಸಿಹೋಗುತ್ತವೆ. ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳಲ್ಲಿ ತೊಂದರೆ ಇನ್ನೂ ಹೆಚ್ಚು. ಪುಟದ ಒಂದು ಸಾಲಿನಲ್ಲಿ ಮೂವತ್ತು ಅಕ್ಷರಗಳಿದ್ದರೆ, ೬೦೦ ಚುಕ್ಕೆ ಅಗಲದ ಹಳೆಯ ಪರದೆಯಲ್ಲಿ ಒಂದೊಂದಕ್ಕೆ ಇಪ್ಪತ್ತೇ ದಕ್ಕುತ್ತವೆ.

ಎರಡನೆಯ ಲಾಭ ಬೆಳಕು. ಬಳ್ಳಿಗಾವೆಯಂಥ ಊರುಗಳಲ್ಲಿ ಮಾಸಿದ ಶಾಸನ ಓದುವವರು ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯುತ್ತಾರೆ. ೨೦೧೨ರ ಪೇಪರ್‌ವೈಟ್‌ನಿಂದೀಚೆಗೆ ಕಿಂಡಲ್‌ಗೆ ಬಂದದ್ದೂ ಇಂಥದೇ ವ್ಯವಸ್ಥೆ: ಪರದೆಯ ಅಂಚಿನ ಎಲ್ಇಡಿಗಳ ಬೆಳಕು ತೆಳು ಹಾಳೆಯೊಂದರಲ್ಲಿ ಹರಡಿ ಪುಟದ ಮೇಲೆ ಬೀಳುತ್ತದೆ, ಮೊಬೈಲಿನಂತೆ ಹಿಂದಿನಿಂದ ಕಣ್ಣಿಗೆ ಹೊಡೆಯುವುದಿಲ್ಲ. ಕಲ್ಲಿನಲ್ಲಿ ಅಕ್ಷರ ತೋರಿಸುವುದು ನೆರಳು, ಇಲ್ಲಿ ಕಣಗಳ ಬಣ್ಣ. ಮಳೆಗಾಲದಲ್ಲಿ ಕತ್ತಲು ಕವಿಯುವ ಮನೆಗಳಿಗೆ ಇದು ದೊಡ್ಡ ಅನುಕೂಲ. ಬಯಲ ಬಿಸಿಲಿನಲ್ಲಿ ಮಾತ್ರ ಹಳೆಯದೂ ಸೊಗಸಾಗಿ ಕಾಣುತ್ತದೆ.

ಬಣ್ಣದ ಪರದೆಯ ಅಬ್ಬರವನ್ನು ನಾನು ನಂಬುವುದಿಲ್ಲ. ಕೆಲೈಡೊ ೩ ಎಂಬ ಬಣ್ಣದ ಪರದೆಯಲ್ಲಿ ಕಪ್ಪು–ಬಿಳಿ ಪದರದ ಮೇಲೆ ಬಣ್ಣದ ಸೋಸುಪದರ ಕೂರಿಸಿರುತ್ತಾರೆ. ಅದು ಬೆಳಕು ನುಂಗಿ ಪುಟವನ್ನು ಮಂಕಾಗಿಸುತ್ತದೆ. ಬಣ್ಣದ ಚಿತ್ರಕ್ಕೆ ಇಂಚಿಗೆ ೧೫೦ ಚುಕ್ಕೆಯೇ. ಕಾದಂಬರಿ ಓದುವವರು ಅದಕ್ಕೆ ಹಣ ಸುರಿಯಬೇಕಿಲ್ಲ.

ಕೊಳ್ಳುವ ಮುಂಚೆ ಒತ್ತಕ್ಷರ ತುಂಬಿದ ಒಂದು ಕನ್ನಡ ಪುಟವನ್ನು ನಿಮ್ಮ ಅಳತೆಯ ಅಕ್ಷರದಲ್ಲೇ ತೆರೆದು ನೋಡಿ. ಒತ್ತುಗಳು ಬಿಡಿಸಿ ಕಂಡರೆ ಆ ಪರದೆ ಸಾಕು. ಅಕ್ಷರಗಳು ಕೂಡದೆ ಚದುರಿ ಬಿದ್ದಿದ್ದರೆ ದೋಷ ತಂತ್ರಾಂಶದ್ದು. ಅದನ್ನು ಯಾವ ಪರದೆಯೂ ಸರಿಪಡಿಸದು.