ಲಾಂಛನದೊಳಗಿನ ಏಳು ಗೆರೆ

ವೈದ್ಯಕೀಯ ಪುರಾವೆಗಳನ್ನು ಒಟ್ಟುಗೂಡಿಸುವ ಕೊಕ್ರೇನ್ ಸಂಸ್ಥೆಯ ಲಾಂಛನವನ್ನು ಹತ್ತಿರದಿಂದ ನೋಡಬೇಕು. ನಡುವೆ ನೆಟ್ಟಗೆ ಒಂದು ಗೆರೆ, ಅಡ್ಡಡ್ಡ ಏಳು ಗೆರೆ, ಅವುಗಳ ಕೆಳಗೆ ಎಡಕ್ಕೆ ಸರಿದ ಪುಟ್ಟ ವಜ್ರಾಕೃತಿ. ಅಡ್ಡಗೆರೆ ಒಂದೊಂದೂ ಒಂದು ಕ್ಲಿನಿಕಲ್ ಟ್ರಯಲ್. ಹೆಚ್ಚಿನವು ‘ವ್ಯತ್ಯಾಸವಿಲ್ಲ’ ಎಂದು ಸೂಚಿಸುವ ನಡುಗೆರೆಯನ್ನು ಮುಟ್ಟುತ್ತವೆ. ಅಂದರೆ ಅಂಥ ಒಂದನ್ನೇ ನಂಬಿ ಏನೂ ಹೇಳಲಾಗದು. ಏಳನ್ನೂ ಕೂಡಿಸಿದಾಗ ಸಿಕ್ಕ ಉತ್ತರವೇ ವಜ್ರ: ತಿಂಗಳು ತುಂಬುವ ಮೊದಲೇ ಹೆರಿಗೆಯಾಗುವಂತಿದ್ದರೆ ತಾಯಿಗೆ ಕೊಡುವ ಅಗ್ಗದ ಸ್ಟೆರಾಯ್ಡ್ ಇಂಜೆಕ್ಷನ್ ಕೂಸಿನ ಜೀವ ಉಳಿಸುತ್ತದೆ.

ನ್ಯೂಜಿಲೆಂಡಿನ ವೈದ್ಯ ಲಿಗಿನ್ಸ್ ಇದರ ಸುಳಿವು ಕಂಡದ್ದು ಕುರಿಗಳಲ್ಲಿ. ಗರ್ಭದಲ್ಲೇ ಸ್ಟೆರಾಯ್ಡ್ ಪಡೆದು, ಬದುಕಲಾರದಷ್ಟು ಬೇಗ ಹುಟ್ಟಿದ ಮರಿಯೊಂದು ಉಸಿರಾಡುತ್ತಿತ್ತು! ಸಹೋದ್ಯೋಗಿ ಹೋವಿಯವರ ಜೊತೆ 282 ತಾಯಂದಿರಲ್ಲಿ ಅವರು ನಡೆಸಿದ ಟ್ರಯಲ್ 1972ರಲ್ಲೇ ಅಚ್ಚಾಯಿತು. ಅಂಥ ಟ್ರಯಲ್‌ಗಳನ್ನೆಲ್ಲ ಹುಡುಕಿ ಕೂಡಿಸಿದ ವಿಮರ್ಶೆ ಬಂದದ್ದು 1989ರಲ್ಲಿ. ನಡುವಿನ ವರ್ಷಗಳಲ್ಲಿ ಎಷ್ಟೋ ತಾಯಂದಿರಿಗೆ ಆ ಇಂಜೆಕ್ಷನ್ ಸಿಗಲೇ ಇಲ್ಲ.

ಕೂಡಿಸುವುದಕ್ಕೆ ಮೊದಲು ಸಿಗಬೇಕಲ್ಲ? 1994ರಲ್ಲಿ ಕೇ ಡಿಕರ್ಸಿನ್ ಮತ್ತು ಸಂಗಡಿಗರು ಲೆಕ್ಕ ಹಾಕಿದಾಗ, ಇವೆ ಎಂದು ಮೊದಲೇ ಗೊತ್ತಿದ್ದ ಟ್ರಯಲ್‌ಗಳಲ್ಲೂ ಮೆಡ್‌ಲೈನ್ ಎಂಬ ವೈದ್ಯಕೀಯ ಲೇಖನಸೂಚಿಯ ಭಂಡಾರದ ಹುಡುಕಾಟಕ್ಕೆ ದಕ್ಕಿದ್ದು ಸುಮಾರು ಅರ್ಧ. ಕೆಲವು ಆ ಭಂಡಾರದಲ್ಲೇ ಇರಲಿಲ್ಲ, ಇದ್ದವುಗಳಲ್ಲೂ ಹಲವಕ್ಕೆ ಸರಿಯಾದ ಗುರುತುಪದ ಅಂಟಿಸಿರಲಿಲ್ಲ. ‘ರ‍್ಯಾಂಡಮೈಸ್ಡ್’ ಎಂಬ, ಯಾರಿಗೆ ಯಾವ ಚಿಕಿತ್ಸೆ ಎಂದು ಚೀಟಿ ಎತ್ತಿದಂತೆ ಹಂಚಿದ್ದನ್ನು ಹೇಳುವ ಮಾತು ಒಳಪುಟದಲ್ಲಷ್ಟೇ ಇದ್ದರೆ ಕಂಪ್ಯೂಟರಿಗೆ ಕಾಣುವುದು ಹೇಗೆ? ಅದಕ್ಕೇ ಕೊಕ್ರೇನ್ ಸ್ವಯಂಸೇವಕರು ಹಳೆಯ ಜರ್ನಲ್‌ಗಳನ್ನು ಪುಟಪುಟವಾಗಿ, ಸಂಪಾದಕರಿಗೆ ಬಂದ ಪತ್ರಗಳನ್ನೂ ಬಿಡದೆ ಓದಿದರು. ಹೆಸರಿಲ್ಲದ ಈ ದುಡಿಮೆಗೆ ವೈದ್ಯಲೋಕ ಋಣಿ.

ಈಗ ಮೆಡ್‌ಲೈನನ್ನು ಹುಡುಕಿಕೊಡುವ ಪಬ್‌ಮೆಡ್ ಉಚಿತ. ಆದರೂ ‘ಪ್ರಿಮೆಚ್ಯೂರ್’ ಎಂದಷ್ಟೇ ಟೈಪಿಸಿದರೆ ಸಾಲದು, ‘ಪ್ರಿಟರ್ಮ್’ ಕೂಡ ಬೇಕು. ಈ ಸ್ಟೆರಾಯ್ಡ್‌ಗಳಲ್ಲೂ ಬೆಟಾಮೆಥಸೋನ್ ಜೊತೆಗೆ ಡೆಕ್ಸಾಮೆಥಸೋನ್ ಹೆಸರೂ ಬೇಕು.

ಸಿಕ್ಕ ಮೊದಲ ಟ್ರಯಲ್‌ಗೇ ನಿಂತರೆ ಏನಾಗುತ್ತದೆಂಬುದಕ್ಕೆ ಬೆಳಗಾವಿಯೇ ಸಾಕ್ಷಿ. ಬೆಳಗಾವಿಯೂ ಸೇರಿದಂತೆ ಆರು ದೇಶಗಳ ಊರುಗಳಲ್ಲಿ ನಡೆದ, 2015ರಲ್ಲಿ ಪ್ರಕಟವಾದ ಟ್ರಯಲ್‌ನಲ್ಲಿ ಈ ಸ್ಟೆರಾಯ್ಡ್ ಬಳಕೆ ಹೆಚ್ಚಿಸಿದ ಕಡೆ ನವಜಾತ ಶಿಶುಗಳ ಸಾವು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಟ್ರಯಲ್‌ನಲ್ಲೂ ಬೆಳಗಾವಿಯಿತ್ತು. ಐದು ದೇಶಗಳ 29 ಆಸ್ಪತ್ರೆ, 2852 ತಾಯಂದಿರು. ಎಷ್ಟು ವಾರದ ಬಸಿರೆಂದು ಸ್ಕ್ಯಾನಿಂಗ್‌ನಿಂದ ಖಚಿತಪಡಿಸಿಕೊಂಡು ಇಂಜೆಕ್ಷನ್ ಕೊಟ್ಟ ಅಲ್ಲಿ ಸಾವು ಇಳಿಯಿತು. ಮೊದಲನೆಯದಷ್ಟೇ ಕಣ್ಣಿಗೆ ಬಿದ್ದ ವೈದ್ಯ ಸಿರಿಂಜನ್ನೇ ಬದಿಗಿಟ್ಟಾನು.

ಈ ಎರಡನೆಯ ಟ್ರಯಲ್ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲೂ ದಾಖಲಾಗಿದೆ. 2007ರಲ್ಲಿ ಶುರುವಾದ ಆ ಪಟ್ಟಿಯನ್ನು ಯಾರು ಬೇಕಾದರೂ ತೆರೆದು ನೋಡಬಹುದು. ನಡೆದೂ ಅಚ್ಚಾಗದೆ ಉಳಿದ ಟ್ರಯಲ್‌ಗಳ ಸುಳಿವು ಸಿಗುವುದು ಅಲ್ಲೇ.